ಕೆಂಚವ್ವನ ಹೊಸ ಮಡಿ

ವಿಜಯಾ ಮದುವೆಯಾಗಿ ಬೈಲಹೊಂಗಲದ ಈ ಮನೆಗೆ ಬಂದಾಗ, ಅಡುಗೆಮನೆಯಲ್ಲಿ ಅವಳು ಮುಟ್ಟಬಹುದಾದ ಪಾತ್ರೆಗಳಿಗಿಂತ ಮುಟ್ಟಬಾರದ ಪಾತ್ರೆಗಳೇ ಹೆಚ್ಚಿದ್ದವು. ಅತ್ತೆ ಕೆಂಚವ್ವನ ತವರುಮನೆ ಮಠದ ಗೋಡೆಗೆ ಹೊಂದಿಕೊಂಡೇ ಇತ್ತು. ಹಾಗಾಗಿ ಮಡಿಯಲ್ಲಿ ಅವಳು ಮಠದವರಿಗಿಂತ ಒಂದು ಕೈ ಹೆಚ್ಚು. ಸ್ನಾನವಾಗಿ ಲಿಂಗಪೂಜೆ ಮುಗಿಯುವ ತನಕ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಮೀಸಲು ನೀರಿನ ತಾಮ್ರದ ಕೊಡದ ಮೇಲೆ ಸೆರಗು ತಾಗುವಂತಿರಲಿಲ್ಲ. ಹೋಟೆಲಿನದು ಏನೂ ಹೊಸ್ತಿಲು ದಾಟುವಂತಿರಲಿಲ್ಲ. ತಿಂಗಳಿಗೊಮ್ಮೆ ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಕೂರಬೇಕಿತ್ತು.

ವಿಜಯಾ ಬಿ.ಎಸ್ಸಿ., ಬಿ.ಇಡಿ. ಓದಿದವಳು, ಕಿತ್ತೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೊಸತರಲ್ಲಿ ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು: "ನಮ್ಮ ಧರ್ಮದಾಗ ಸೂತಕಾನ ಇಲ್ಲಂತ ಶರಣರು ಹೇಳ್ಯಾರಲ್ರಿ ಅತ್ತಿ?"

"ಶರಣರ ಮನ್ಯಾಗ ಅಡಗಿ ಮಾಡಾಕ ಹೋದಾಗ ಹಂಗ ಮಾಡು. ಇದು ನನ್ನ ಮನಿ" ಎಂದಿದ್ದಳು ಕೆಂಚವ್ವ.

ಆ ಕಟ್ಟುಗಳು ಒಂದೊಂದಾಗಿ ಸಡಿಲವಾಗಲು ವರ್ಷಗಳೇ ಹಿಡಿದವು. ಗ್ಯಾಸ್ ಬಂದು ಒಲೆ ಹೋಯಿತು. ಕೆಂಚವ್ವನ ಮೊಣಕಾಲು ಹಿಡಿದುಕೊಂಡ ಮೇಲೆ ಅವಳು ಅಡುಗೆಮನೆಯ ಉಸ್ತುವಾರಿಯನ್ನು ಪಡಸಾಲೆಯ ಮಂಚದ ಮೇಲಿಂದ ನಡೆಸತೊಡಗಿದಳು. ಅಲ್ಲಿಂದ ಅಡುಗೆಮನೆ ಅರ್ಧ ಮಾತ್ರ ಕಾಣುತ್ತದೆ. ಕಾಣದ ಅರ್ಧದಲ್ಲಿ ವಿಜಯಾ ತನ್ನ ರಾಜ್ಯ ಕಟ್ಟಿಕೊಂಡಳು. ತನ್ನ ಪಗಾರದಿಂದ ತಂದ ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. ಯಾವುದರಲ್ಲಿ ಏನಿದೆ ಎಂದು ಹೊರಗಿನಿಂದಲೇ ಕಾಣುತ್ತಿತ್ತು, ಯಾರು ಬೇಕಾದರೂ ಯಾವಾಗ ಬೇಕಾದರೂ ಮುಟ್ಟಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಗೆಲುವು ಔಷಧದ ಅಂಗಡಿಯವನು ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ ಪ್ಯಾಕೆಟ್ಟು. ಹಳೆ ಸೀರೆಯ ತುಂಡುಗಳನ್ನು ಒಗೆದು, ಮಳೆಗಾಲದಲ್ಲಿ ಯಾರಿಗೂ ಕಾಣದಂತೆ ಇನ್ನೊಂದು ಬಟ್ಟೆಯ ಅಡಿಯಲ್ಲಿ ಒಣಹಾಕಿ, ಒಣಗದಿದ್ದರೂ ಹಾಗೇ ಉಟ್ಟುಕೊಂಡು ಕಿತ್ತೂರಿನ ಬಸ್ಸು ಹತ್ತುವ ಕಾಲ ಅಲ್ಲಿಗೆ ಮುಗಿಯಿತು. ಮಗಳು ಮಧು ಆ ಹಿತ್ತಲ ಕೋಣೆಯನ್ನು ಹಳೆ ಸಾಮಾನು ಇಡುವ ಜಾಗವೆಂದೇ ತಿಳಿದು ಬೆಳೆದಳು. ವಿಜಯಾಳಿಗೆ ಅದೊಂದು ಹೆಮ್ಮೆ.

ಆ ಮಧು ಧಾರವಾಡದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಸರಕಾರಿ ನೌಕರಿಯ ಪರೀಕ್ಷೆಗೆ ಓದಲೆಂದು ಮನೆಗೆ ಬಂದಳು. ಬಂದವಳು ಊರಿನ 'ನೆಲದ ನಂಟು' ಎಂಬ ಬಳಗ ಸೇರಿದಳು. ಅದು ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುವ ಗೌತಮ ಸರ್ ಕಟ್ಟಿದ ಬಳಗ. ರವಿವಾರ ಬೆಳಿಗ್ಗೆ ಎಲ್ಲರೂ ಕೂಡುತ್ತಿದ್ದರು. ಮೊದಲು ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡುವುದು. ಆಮೇಲೆ, ಆ ವಾರ ತಾವು ಮಾಡಿದ ತಪ್ಪನ್ನು ಒಬ್ಬೊಬ್ಬರೇ ಎದ್ದುನಿಂತು ಹೇಳುವುದು. ಒಬ್ಬರು ಕಾರಿನಲ್ಲಿ ಒಬ್ಬರೇ ಬೆಳಗಾವಿಗೆ ಹೋಗಿ ಬಂದಿರುತ್ತಿದ್ದರು, ಇನ್ನೊಬ್ಬರು ಮೊಬೈಲಿನಲ್ಲಿ ನೋಡಿ ಬೇಡದಿದ್ದರೂ ಚಪ್ಪಲಿ ತರಿಸಿರುತ್ತಿದ್ದರು. ಹೇಳಿದವರ ಕೈಗೆ ಗೌತಮ ಸರ್ ಒಂದು ಸಸಿ ಕೊಡುತ್ತಿದ್ದರು, ನೆಟ್ಟರೆ ತಪ್ಪು ತೀರಿತು. ಅಲ್ಲಿಂದ ಬರುವಾಗ ಮಧುವಿನ ಮುಖ, ಅಭಿಷೇಕ ಮುಗಿಸಿ ಗುಡಿಯಿಂದ ಬಂದವರ ಮುಖದಷ್ಟು ಹಗುರಾಗಿರುತ್ತಿತ್ತು.

ಒಂದು ಶನಿವಾರ ವಿಜಯಾ ಬೆಳಗಿನ ಶಾಲೆ ಮುಗಿಸಿ ಬಂದಾಗ, ಹಳದಿ ಮುಚ್ಚಳದ ಡಬ್ಬಿಗಳೆಲ್ಲ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತಿದ್ದವು. ಬೇಳೆಗಳು ಕೆಂಚವ್ವನ ಕಾಲದ ಹಿತ್ತಾಳೆ ಡಬರಿಗಳನ್ನು ಸೇರಿದ್ದವು.

"ಇವೇನು ಮಾಡಿದ್ವು ನಿನಗ?" ಎಂದಳು ವಿಜಯಾ.

"ಅವ್ವಾ, ನಾವು ಉಣ್ಣೂ ಅನ್ನದಾಗ ಪ್ಲಾಸ್ಟಿಕ್ ಸೇರತೈತಿ. ರಕ್ತದಾಗ ಸಿಕ್ಕೈತಿ. ನೀ ಸೈನ್ಸ್ ಟೀಚರ್, ನಿನಗ ನಾ ಹೇಳಬೇಕೇನ?"

ಒಳಗಿನ ಮಂಚದಿಂದ ಕೆಂಚವ್ವನ ದನಿ ಬಂತು. "ಕೂಸಿಗಿ ಬುದ್ಧಿ ಬಂತು. ಆ ಸುಡಗಾಡ ಡಬ್ಬಿ ಯಾರ್ಯಾರೋ ಮುಟ್ಟತಿದ್ರು."

ಅಲ್ಲಿಂದ ಅಜ್ಜಿ ಮೊಮ್ಮಗಳು ಒಂದಾದರು. ಶಾಂಪೂ ಹೋಗಿ ಸೀಗೆಕಾಯಿ ಬಂತು. ಪಾತ್ರೆ ತಿಕ್ಕುವ ಸೋಪು ಹೋಗಿ ಬೂದಿ ಬಂತು. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಬಜಾರದಾಚೆಯ ರೊಟ್ಟಿ ಖಾನಾವಳಿಯಿಂದ ಮಧು ಸ್ಕೂಟಿಯ ಮೇಲೆ ಹೋಗಿ ಚೀಲ ತುಂಬಿ ತರುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಮೂರು ಬಕೆಟ್‌ಗಳು ಕೂತವು: ಹಸಿ ಕಸಕ್ಕೊಂದು, ಒಣ ಕಸಕ್ಕೊಂದು, ಎರಡಕ್ಕೂ ಸೇರದ್ದಕ್ಕೊಂದು. "ಬಾಳೆಹಣ್ಣಿನ ಸಿಪ್ಪಿ ಒಣಾ ಬಕೆಟ್ಟಿನ್ಯಾಗ ಯಾರು ಹಾಕಿದ್ರು?" ಎಂದು ಮಧು ಕೇಳುವಾಗ ವಿಜಯಾ ಬೆಚ್ಚಿಬೀಳುತ್ತಿದ್ದಳು. "ಮೀಸಲ ಕೊಡಾ ಯಾರು ಮುಟ್ಟಿದ್ರು?" ಎಂದು ಹಿಂದೆ ಕೇಳುತ್ತಿದ್ದ ದನಿ ಇದೇ ಆಗಿತ್ತು. ಕಂಠ ಮಾತ್ರ ಎಳೆಯದು.

ಮನೆಯ ಯಜಮಾನ, ವಿಜಯಾಳ ಗಂಡ ಶಂಕರೆಪ್ಪ ಮಾರುಕಟ್ಟೆಯಲ್ಲಿ ಅರಳೆಯ ದಲ್ಲಾಳಿ. ಅವನಿಗೆ ಈ ಬದಲಾವಣೆಗಳೆಲ್ಲ ಬಹಳ ಹಿಡಿಸಿದವು. "ನಮ್ಮ ಹಳೇ ಪದ್ಧತಿನ ಛಲೋ ಬಿಡು" ಎಂದು ತೂಗುಮಣೆಯ ಮೇಲೆ ಕೂತು ಹೇಳುತ್ತಿದ್ದ. ಬೂದಿಯಲ್ಲಿ ತಿಕ್ಕಿದ ತಾಟಿನ ಹೊಳಪು ನೋಡಿ ಸಂತೋಷಪಡುತ್ತಿದ್ದ. ಬಟ್ಟೆಚೀಲ ಒಯ್ಯುವುದನ್ನು ಮರೆತ ದಿನ, ಕಾಯಿಪಲ್ಲೆ ತಂದ ಪ್ಲಾಸ್ಟಿಕ್ ಚೀಲವನ್ನು ಮಡಚಿ ಸ್ಕೂಟರಿನ ಡಿಕ್ಕಿಯಲ್ಲಿ ಅಡಗಿಸುತ್ತಿದ್ದ. ತಾಟು ತಿಕ್ಕುವವಳು, ಸೀಗೆಕಾಯಿ ಕುಟ್ಟುವವಳು, ಬೆಳಗಿನ ಬಸ್ಸಿಗೆ ಮೊದಲು ಹಸಿ ಕಸವನ್ನು ಹಿತ್ತಲ ಗುಂಡಿಗೆ ಹಾಕಿ ಮಣ್ಣು ಎಳೆಯುವವಳು ವಿಜಯಾ. ಮಧು ಓದಬೇಕಿತ್ತಲ್ಲ.

ವಿಜಯಾ ಕದ್ದು ಪಾಪ ಮಾಡತೊಡಗಿದಳು. ಶಾಲೆಯ ಬಿಡುವಿನಲ್ಲಿ ತಿಂದ ಬಿಸ್ಕೀಟಿನ ಪಾಕೀಟನ್ನು ಮನೆಗೆ ತರದೆ ಕಿತ್ತೂರಿನ ಬಸ್ ನಿಲ್ದಾಣದ ಕಸದ ಡಬ್ಬಿಯಲ್ಲೇ ಹಾಕಿ, ಆಚೆ ಈಚೆ ನೋಡಿ ಬಸ್ಸು ಹತ್ತುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅದೇ ನಿಲ್ದಾಣದಲ್ಲಿ ಮಿರ್ಚಿ ಭಜಿ ತಿಂದು, ಬಾಯಿ ಮುಕ್ಕಳಿಸಿ, ಮನೆಗೆ ಹೋಗಿ ಏನೂ ಆಗಿಲ್ಲವೆಂಬಂತೆ ಇರುತ್ತಿದ್ದುದು ನೆನಪಾಗಿ ಅವಳಿಗೆ ನಗು ಬಂತು. ಬಸ್ಸಿನಲ್ಲಿ ಒಬ್ಬಳೇ ನಕ್ಕಳು.

ನಗು ನಿಂತದ್ದು ಮಧು ಬಟ್ಟೆಯ ಪ್ಯಾಡುಗಳ ಒಂದು ಕಟ್ಟು ತಂದು ಅವಳ ಕೈಗಿಟ್ಟ ದಿನ.

"ನನಗೂ ತಂದೇನಿ, ನಿನಗೂ ತಂದೇನಿ. ತೊಳದ ಮತ್ತ ಬಳಸೂದು. ಆ ಅಂಗಡಿ ಪ್ಯಾಡು ಕರಗಾಕ ನೂರಾರು ವರ್ಷ ಬೇಕು, ಗೊತ್ತೈತೇನ?"

ವಿಜಯಾ ಆ ಕಟ್ಟನ್ನು ನೋಡಿದಳು. ಹೂವಿನ ಚಿತ್ರದ ಮೃದುವಾದ ಬಟ್ಟೆ, ಗುಂಡಿ ಹಾಕುವ ಅನುಕೂಲ, ಅಂದವಾಗಿಯೇ ಇತ್ತು. ಆದರೂ ಅವಳ ಮೂಗಿಗೆ ಮಳೆಗಾಲದ ಹಸಿ ಸೀರೆಯ ವಾಸನೆ ಬಡಿಯಿತು.

"ನಿನಗ ಬೇಕಾದ್ರ ಬಳಸ್ಕೊ. ನನಗ ಬ್ಯಾಡ."

"ಯಾಕ ಬ್ಯಾಡ? ಕಾರಣಾ ಹೇಳು."

"ಕಾರಣಾ ಹೇಳಬೇಕೇನ ನಾ?" ವಿಜಯಾಳ ದನಿ ಏರಿತು. "ಈ ಮನ್ಯಾಗ ನಾ ಅರ್ಧ ಆಯುಷ್ಯ ಕಳದದ್ದು ಇದರಿಂದ ಹೊರಗ ಬರಾಕ. ಬೂದಿ ಬಂತು, ಸುಮ್ಮನ ತಿಕ್ಕಿದೆ. ಬಕೆಟ್ ಬಂದ್ವು, ಸುಮ್ಮನಿದ್ದೆ. ಈಗ ಇದು. ಇದು ಪರಿಸರ ಅಲ್ಲ ಮಧು, ಇದು ನಿಮ್ಮ ಆಯಿಯ ಮಡಿ. ಹೆಸರಷ್ಟ ಬ್ಯಾರೆ. ಮುಟ್ಟಬ್ಯಾಡ, ತಿನ್ನಬ್ಯಾಡ, ತರಬ್ಯಾಡ, ತಪ್ಪಾತು ಅನ್ನು, ಗಿಡಾ ಹಚ್ಚು, ಪಾಪ ಹೋತು. ಇನ್ನೊಂದ ಧರ್ಮ ಕಟ್ಟಿಕೊಂಡ ಕುಂತೀರಿ!"

ಮಧುವಿನ ಕಣ್ಣಲ್ಲಿ ನೀರು ಬಂತು. "ಇದು ವಿಜ್ಞಾನ ಅವ್ವಾ. ಮೂಢನಂಬಿಕಿಗೆ ಹೋಲಸತಿಯಲ್ಲ!"

ಪಡಸಾಲೆಯಿಂದ ಕೆಂಚವ್ವನೂ ಎದ್ದು ಕೂತಳು. "ಏ ವಿಜಯಾ, ನನ್ನ ಮಡಿ ದೇವರ ಸಲುವಾಗಿ. ಅಕಿದು ಕಸದ ಸಲುವಾಗಿ. ಎರಡೂ ಒಂದ ತಕ್ಕಡ್ಯಾಗ ಹಾಕತಿ ಏನ?"

ಹೀಗೆ ವಿಜಯಾ ಒಂದೇ ಮಾತಿನಲ್ಲಿ ಇಬ್ಬರನ್ನೂ ನೋಯಿಸಿದಳು. ಕೆಲವು ದಿನ ಅಜ್ಜಿ ಮೊಮ್ಮಗಳು ಜೊತೆಗೆ ಕೂತು ಉಂಡರು. ಬಡಿಸುವವಳೊಂದಿಗೆ ಇಬ್ಬರೂ ಮಾತಾಡಲಿಲ್ಲ.

ಈ ನಡುವೆ ಗೌತಮ ಸರ್‌ಗೆ ಮಧುವಿನ ಬಾಯಿಂದ ಕೆಂಚವ್ವನ ಸುದ್ದಿ ತಿಳಿಯಿತು. ಎಂಬತ್ತರ ಹತ್ತಿರದ ಹೆಂಗಸು. ಬಾಟಲಿ ನೀರು ಮುಟ್ಟಿದವಳಲ್ಲ, ಸೋಪು ಹಚ್ಚಿದವಳಲ್ಲ, ಪ್ಲಾಸ್ಟಿಕ್ಕಿನಲ್ಲಿ ಉಂಡವಳಲ್ಲ. ಹಿರಿಯರ ಪರಿಸರ ಜ್ಞಾನದ ಮೇಲೆ ಒಂದು ವಿಡಿಯೊ ಮಾಡೋಣವೆಂದು ಒಂದು ರವಿವಾರ ಬಳಗವನ್ನೇ ಕರೆದುಕೊಂಡು ಬಂದರು.

ಫೋನು ಹಿಡಿದು ಚಿತ್ರ ತೆಗೆಯುವ ಕೆಲಸ ಫರೀನ್‌ಳದು. ಅವಳು ಧಾರವಾಡದಲ್ಲಿ ಮಧುವಿನ ಜೊತೆಗೇ ಓದಿದವಳು, ಬಜಾರದಲ್ಲಿ ಗಾದಿ ಅಂಗಡಿ ಇಟ್ಟಿರುವ ಬುಡನಸಾಬನ ಮಗಳು. ಅವಳ ಅಜ್ಜಿ ಬಾನುಬಿ ಹಿಂದೆ ಮನೆಮನೆಗೆ ಹೋಗಿ ಗಾದಿ, ಕೌದಿ ಹೊಲಿದು ಕೊಡುತ್ತಿದ್ದಳು. ಫರೀನ್ ಈ ಮನೆಗೆ ಬಹಳ ಸಲ ಬಂದಿದ್ದಾಳೆ, ಪಡಸಾಲೆಯ ತನಕ. ಅದರಾಚೆಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಬಂದಿರಲಿಲ್ಲ.

ಕೆಂಚವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಮಂಚದ ಮೇಲೆ ಕೂತಳು. ಗೌತಮ ಸರ್ ಎದುರಿಗೆ ಚಾಪೆಯ ಮೇಲೆ ಕೂತು ಕೈಮುಗಿದರು.

"ಆಯಿ, ನೀವು ಬಾಟಲಿ ನೀರು ಯಾಕ ಕುಡಿಯೂದಿಲ್ಲರಿ?"

"ಯಾರ ತುಂಬಿರತಾರೋ ಏನೋ. ಯಾವ ಜಾತ್ಯಾವ್ರೋ, ಏನ ತಿಂದವ್ರೋ."

ಗೌತಮ ಸರ್ ಕೆಮ್ಮಿದರು. "ಅಂದ್ರ, ಪ್ಲಾಸ್ಟಿಕ್ ಮೈಗೆ ಕೆಟ್ಟ ಅಂತ ನಿಮಗ ಆವಾಗನ ಅನಿಸಿತ್ತು."

"ಪ್ಲಾಸ್ಟಿಕ್ ಏನ ಮಾಡತೈತಿ ಪಾಪ? ಪ್ಲಾಸ್ಟಿಕ್ ಛಲೋ. ಮೈಲಗಿ ಆದ್ರ ಒಂದ ತಂಬಗಿ ನೀರ ಹಾಕಿದ್ರ ಹೋತು. ಮಣ್ಣಿನ ಗಡಗಿ ಮೈಲಗಿ ಆದ್ರ ಒಡದ ಬಿಡಬೇಕು. ಎಷ್ಟ ಗಡಗಿ ಒಡದೇನಿ ನಾ!"

ಬಳಗದವರು ಒಬ್ಬರ ಮುಖ ಒಬ್ಬರು ನೋಡಿದರು. ಗೌತಮ ಸರ್ ಸೋಲಲಿಲ್ಲ. "ಮತ್ತ ನಿಮ್ಮ ಮನಿ ಕಾರ್ಯಾದಾಗ ಎಲ್ಲಾರಿಗೂ ಪತ್ರೋಳಿನ್ಯಾಗ ಉಣ್ಣಾಕ ನೀಡತಿದ್ರಂತ. ಮಣ್ಣಿಗೆ ಬಿದ್ರ ಮಣ್ಣಾಗೂ ಎಲಿ. ಎಂಥಾ ವಿಚಾರ!"

"ಹೌದು ಮತ್ತ. ತಾಟ ಕೊಟ್ರ ಅವರ ಉಂಡ ತಾಟ ಒಳಗ ತರಬೇಕು. ಪತ್ರೋಳಿ ಆದ್ರ ಉಂಡವರ ಎತ್ತಿ ಒಗದ ಹೊಕ್ಕಾರ." ಕೆಂಚವ್ವನಿಗೆ ಮಾತಿನ ಹುರುಪು ಬಂದಿತ್ತು. ಫೋನು ಹಿಡಿದ ಫರೀನ್‌ಳ ಕಡೆ ಪ್ರೀತಿಯಿಂದ ನೋಡಿದಳು. "ಈ ಹುಡುಗಿ ಅಜ್ಜಿ ಬಾನುಬಿ ಬಾಳ ಛಲೋ ಹೆಂಗಸು. ಅಕಿ ಹೊಲದ ಗಾದಿ ಮ್ಯಾಲ ಈಗೂ ಮಲಗೇನಿ. ಅಕಿ ಬಂದಾಗ ಚಾ ಕುಡೀಲಿ ಅಂತ ಹಿತ್ತಲ ಕಟ್ಟಿ ಮ್ಯಾಲ ಅಕಿದ ಕಪ್ಪು-ಬಸಿ ಬ್ಯಾರೆ ಇಟ್ಟಿದ್ದೆ. ಒಂದ ದಿನಾನೂ ಚಾ ಕೊಡದ ಕಳಸಿಲ್ಲ."

ಮಧು ತಲೆ ತಗ್ಗಿಸಿದಳು. ಸ್ಟೀಲ್ ಲೋಟಗಳಲ್ಲಿ ಚಹಾ ತಂದಿದ್ದ ವಿಜಯಾ ಬಾಗಿಲಲ್ಲೇ ನಿಂತಳು. ಫರೀನ್ ಫೋನು ಕೆಳಗಿಳಿಸಲಿಲ್ಲ. ಫೋನಿನ ಹಿಂದಿನಿಂದಲೇ ಸಾವಕಾಶ ಹೇಳಿದಳು:

"ಹೌದರಿ ಆಯಿ, ನಮ್ಮ ದಾದಿ ಹೇಳ್ಯಾಳ. ಆದ್ರ ಅಕಿ ಆ ಚಾ ಕುಡೀತಿದ್ದಿಲ್ರಿ. ಬ್ಯಾರೆ ಕಪ್ಪಿನ್ಯಾಗ ಕೊಟ್ಟದ್ದು ನಾ ಯಾಕ ಕುಡೀಲಿ ಅಂತ, ನೀವು ಒಳಗ ಹೋದ ಕೂಡ್ಲೆ ಕರಿಬೇವಿನ ಗಿಡಕ್ಕ ಹಾಕತಿದ್ಲಂತ."

ಕೆಂಚವ್ವ ಒಂದು ಕ್ಷಣ ಬಾಯಿ ತೆರೆದು ಕೂತಳು. ಆಮೇಲೆ ಗಹಗಹಿಸಿ ನಕ್ಕಳು. "ಅದಕ್ಕನ ಆ ಕರಿಬೇವು ಛಾವಣಿ ಮುಟ್ಟೂ ಹಂಗ ಬೆಳೀತು!" ನಗು ಇಳಿಯುತ್ತಿದ್ದಂತೆ ಅವಳ ಹುಬ್ಬು ಗಂಟಾಯಿತು. "ಮತ್ತ, 'ಅಕ್ಕಾರ, ಚಾ ಬಾಳ ಛಲೋ ಆಗೇತ್ರಿ' ಅಂತಿದ್ಲಲ್ಲ?"

"ಅಂತಿದ್ಲರಿ" ಎಂದಳು ಫರೀನ್.

"ಇವತ್ತಿಗೆ ಸಾಕು" ಎಂದರು ಗೌತಮ ಸರ್.

ಮುಂದಿನ ವಾರ ಬಂದ ವಿಡಿಯೊದಲ್ಲಿ ಕೆಂಚವ್ವ ಮಾತಾಡುವುದೇ ಇಲ್ಲ. ಅವಳು ತಾಮ್ರದ ತಂಬಿಗೆಯನ್ನು ಬೂದಿಯಲ್ಲಿ ತಿಕ್ಕುತ್ತಾಳೆ, ಪತ್ರಾವಳಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾಳೆ, ಗಹಗಹಿಸಿ ನಗುತ್ತಾಳೆ. ಹಿನ್ನೆಲೆಯಲ್ಲಿ ಗೌತಮ ಸರ್ ತಮ್ಮ ಗಂಭೀರ ದನಿಯಲ್ಲಿ, ನೆಲವನ್ನು ತಾಯಿಯೆಂದು ತಿಳಿದ ಹಿರಿಯರು ಭೂಮಿಗೆ ಭಾರವಾಗದಂತೆ ಬಾಳಿದ್ದನ್ನು ವಿವರಿಸುತ್ತಾರೆ. ವಿಡಿಯೊ ಕಂಡಾಪಟ್ಟೆ ಓಡಿತು. ವಿಜಯಾಳ ಶಾಲೆಯ ಮುಖ್ಯಗುರುಗಳು ಅದನ್ನು ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ತೋರಿಸಿ, "ಇವರು ನಮ್ಮ ಟೀಚರ ಅತ್ತಿಯವರು" ಎಂದು ಹೇಳಿ ಚಪ್ಪಾಳೆ ಹೊಡೆಸಿದರು. ವಿಜಯಾ ಚಪ್ಪಾಳೆ ಸ್ವೀಕರಿಸಿದಳು. ಬೇರೇನು ಮಾಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

ಬಳಗದ ಮುಂದಿನ ರವಿವಾರಕ್ಕೆ ಫರೀನ್ ಬರಲಿಲ್ಲ. ಮಧು ಅವಳ ಮನೆಗೆ ಹೋದಳು.

"ಸಿಟ್ಟು ನಿಮ್ಮ ಆಯಿ ಮ್ಯಾಲ ಇಲ್ಲ ಮಾರಾಯ್ತಿ" ಎಂದಳು ಫರೀನ್. "ಅವರು ಖರೇ ಹೇಳಿದ್ರು. ನಾನೂ ಖರೇ ಹೇಳಿದೆ. ಆಮ್ಯಾಲ ಕುಂತ ಅದನ್ನ ಕತ್ತರಿಸಿ ತಗದವರು ಯಾರು? ಅಂಥವರ ಮುಂದ ನಾ ಪ್ರತಿವಾರ ಎದ್ದ ನಿಂತ ನನ್ನ ತಪ್ಪು ಹೇಳಬೇಕೇನ?"

ಮಧುವಿಗೆ ಆ ಮಾತು ನಾಟಿತು. ಅದರ ಮುಂದಿನ ರವಿವಾರ ತಪ್ಪೊಪ್ಪಿಗೆಯ ಹೊತ್ತಿಗೆ ಎದ್ದುನಿಂತಳು. "ಈ ಸಲ ನಾವೆಲ್ಲಾರೂ ಕೂಡಿ ಒಂದ ಸುಳ್ಳು ಹೇಳೇವಿ. ನಮ್ಮ ಆಯಿ ಪತ್ರೋಳಿ ಕೊಡತಿದ್ದದ್ದು ಭೂಮಿ ಸಲುವಾಗಿ ಅಲ್ಲ."

"ಮಧು, ಇಲ್ಲಿ ಪರಿಸರದ ತಪ್ಪು ಅಷ್ಟ ಹೇಳೂದು" ಎಂದರು ಗೌತಮ ಸರ್, ಮೆತ್ತಗೆ. "ಮಂದಿ ಒಳ್ಳೇ ದಾರಿಗೆ ಬರಬೇಕಂದ್ರ ಅವರಿಗೊಂದು ಕಥಿ ಬೇಕಾಗತೈತಿ. ನಮ್ಮ ಉದ್ದೇಶ ನೋಡು."

"ಪುರಾಣ ಹೇಳಾವ್ರೂ ಹಿಂಗ ಅಂತಾರ್ರಿ ಸರ್."

ಗೌತಮ ಸರ್ ರೂಢಿಯಂತೆ ಅವಳ ಕೈಗೂ ಒಂದು ಸಸಿ ಕೊಟ್ಟು ಕೂರಿಸಿದರು.

ಆ ಸಸಿ ಹಿಡಿದುಕೊಂಡೇ ಮನೆಗೆ ಬಂದು ಮಧು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ವಿಜಯಾ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ನೀ ಅವತ್ತ ಅಂದದ್ದು ಖರೇ ಏನ? ಇದೂ ಒಂದ ಧರ್ಮಾನ?"

ಗೆದ್ದೆನೆಂದು ಹೇಳಬಹುದಿತ್ತು. ಆದರೆ ಮಗಳ ಮುಖ ಎಷ್ಟು ಸಣ್ಣಗಾಗಿತ್ತೆಂದರೆ ವಿಜಯಾಳಿಗೆ ಮನಸ್ಸಾಗಲಿಲ್ಲ. ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದಳು.

"ನಾ ಸಿಟ್ಟಿನ್ಯಾಗ ಅಂದೆ. ಪ್ಲಾಸ್ಟಿಕ್ ಕರಗೂದಿಲ್ಲ ಅನ್ನೂದು ಯಾರ ನಂಬಲಿ ಬಿಡಲಿ, ಖರೇನ ಐತಿ. ನಾನ ಸಾಲ್ಯಾಗ ಹೇಳತೇನಿ. ನನ್ನ ತಕರಾರು ಇಷ್ಟ: ವ್ರತಾ ಹಿಡದಾಕಿ ನೀ, ಉಪಾಸ ಮಾಡಾಕಿ ನಾ. ನಿಮ್ಮ ಆಯಿನೂ ಹಿಂಗ ಮಾಡತಿದ್ರು. ನಿನಗ ಬೂದಿ ಬೇಕು, ನೀ ತಿಕ್ಕು. ಆವಾಗ ಅದು ಧರ್ಮ ಆದ್ರೂ ಆಗಲಿ, ವಿಜ್ಞಾನ ಆದ್ರೂ ಆಗಲಿ, ನಾ ಏನೂ ಅನ್ನೂದಿಲ್ಲ."

ಮಾರನೆಯ ದಿನದಿಂದ ಪಾತ್ರೆ ತಿಕ್ಕುವುದು, ಕಸ ಗುಂಡಿಗೆ ಹಾಕುವುದು ಮಧುವಿನ ಪಾಲಿಗೆ ಬಂತು. ವಾರ ಕಳೆಯುವುದರೊಳಗೆ ಬೂದಿ ಹೋಗಿ ಸೋಪಿನ ಬಿಲ್ಲೆ ಬಂತು. ಸೀಗೆಕಾಯಿ ರವಿವಾರಕ್ಕೆ ಮಾತ್ರ ಉಳಿಯಿತು. ಬಕೆಟ್‌ಗಳು ಮೂರರಿಂದ ಎರಡಾದವು. ಬಟ್ಟೆಯ ಪ್ಯಾಡನ್ನು ಮಾತ್ರ ಮಧು ಬಿಡಲಿಲ್ಲ. ತಾನೇ ಒಗೆದು, ಅಂಗಳದ ಹಗ್ಗದ ಮೇಲೆ ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ಹಾಕುತ್ತಿದ್ದಳು. ಅದನ್ನು ನೋಡಿದಾಗ ಶಂಕರೆಪ್ಪ ಪೇಪರು ಅಡ್ಡ ಹಿಡಿಯುತ್ತಿದ್ದ. ವಿಜಯಾ ಅವುಗಳನ್ನೇ ಬಹಳ ಹೊತ್ತು ನೋಡುತ್ತ ನಿಲ್ಲುತ್ತಿದ್ದಳು. ಅವು ಎಷ್ಟು ಬೇಗ ಒಣಗುತ್ತಿದ್ದವು!

ಅಂತೂ ಮನೆಗೆ ಸ್ವಲ್ಪ ಉಸಿರು ಬಂತೆಂದು ವಿಜಯಾ ತಿಳಿದಳು. ಕೆಂಚವ್ವನ ವಿಷಯ ಅವಳ ಲೆಕ್ಕದಲ್ಲಿರಲಿಲ್ಲ.

ವಿಡಿಯೊ ನೋಡಿದವರು ಕೆಂಚವ್ವನನ್ನು ಕರೆಯತೊಡಗಿದ್ದರು. ಸವದತ್ತಿಯಲ್ಲಿ ಮಹಿಳಾ ಮಂಡಳದವರು ಆರತಿ ಎತ್ತಿದರು. ಕಟಕೋಳದ ಶಾಲೆಯಲ್ಲಿ ಅವಳ ಕೈಯಿಂದ ಬೇವಿನ ಸಸಿ ನೆಡಿಸಿದರು. ರಾಮದುರ್ಗದಲ್ಲಿ ದೊಡ್ಡ ವೇದಿಕೆಯೇ ಇತ್ತು. ಶಾಲು, ಹಣ್ಣಿನ ಬುಟ್ಟಿ, ಫಲಕ, ಮೂರಕ್ಕೂ ಪ್ಲಾಸ್ಟಿಕ್ ಹೊದಿಕೆ. ಗೌತಮ ಸರ್ ತಾವೇ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಕೆಂಚವ್ವನಿಗೆ ಮಾತಾಡಲು ಕೊಡುತ್ತಿರಲಿಲ್ಲ, ಎದುರಿಗೆ ಕೂರಿಸಿ ತಾವೇ ಮಾತಾಡುತ್ತಿದ್ದರು. ಆದರೆ ಕೆಂಚವ್ವ ವರ್ಷ ವರ್ಷವೂ ಶ್ರಾವಣದಲ್ಲಿ ಮಠದ ಪುರಾಣ ಕೇಳಿ, ಮನೆಗೆ ಬಂದು ಪದ ಬಿಡದೆ ಹೇಳುತ್ತಿದ್ದವಳು. ಗೌತಮ ಸರ್ ಹೇಳಿದ್ದೆಲ್ಲ ಅವಳ ತಲೆಯಲ್ಲಿ ಕೂತಿತು. ತನ್ನ ಹೆಸರಿನಲ್ಲಿ ಹೇಳುತ್ತಿದ್ದ ಆ ಪುರಾಣವನ್ನು ಅವಳು ನಂಬಿದಳು.

ಈಗ ಮಂಚದ ಮೇಲಿಂದ ಹೊಸ ಆಜ್ಞೆಗಳು ಹೊರಟವು. "ವಿಜಯಾ, ಹಾಲಿನ ಪಾಕೀಟ ತೊಳದ ಒಣಗಸು, ಅದು ನೂರ ವರ್ಷ ಕರಗೂದಿಲ್ಲಂತ." "ಶಂಕ್ರೂ, ಆ ಸ್ಕೂಟರ್ ಡಿಕ್ಕಿ ತಗದ ತೋರಿಸು." ಪಕ್ಕದ ಮನೆಯ ಸೊಸೆ ಮಂಜುಳಾ ತಮ್ಮಲ್ಲಿ ಸತ್ಯನಾರಾಯಣ ಪೂಜೆಯಾದ ದಿನ ಕಾಗದದ ಕಪ್ಪಿನಲ್ಲಿ ಚಹಾ ತಂದುಕೊಟ್ಟಾಗ ಕೆಂಚವ್ವ ಅದನ್ನು ಬೆಳಕಿಗೆ ಹಿಡಿದು ತೋರಿಸಿದಳು. "ಕಾಗದ ಅಂತ ತಿಳಿದಿ ಏನ? ಒಳಗ ಪ್ಲಾಸ್ಟಿಕ್ಕಿನ ಪದರ ಹಚ್ಚಿರತಾರ. ಬಿಸಿ ಚಾ ಹಾಕಿದ್ರ ಕರಗಿ ಹೊಟ್ಟಿಗೆ ಹೊಕ್ಕೈತಿ. ರಾಮದುರ್ಗದಾಗ ಹೇಳಿದ್ರು." ಮಧು ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಹೇಳಿದ್ದೇನೂ ಸುಳ್ಳಾಗಿರಲಿಲ್ಲ.

ಈ ಸನ್ಮಾನಗಳ ನಡುವೆಯೂ ಕೆಂಚವ್ವನನ್ನು ಒಂದು ವಿಷಯ ಕೊರೆಯುತ್ತಿತ್ತು. ಊಟದ ನಡುವೆ ತಟ್ಟನೆ ಕೈ ನಿಲ್ಲಿಸುತ್ತಿದ್ದಳು. "ಅಷ್ಟ ವರ್ಷ ನನ್ನ ಮುಂದ ಕುಂತ ಛಲೋ ಆಗೇತ್ರಿ ಅಂತಿದ್ಲು, ನೋಡ." ಕಡೆಗೊಂದು ರವಿವಾರ ಹಠ ಹಿಡಿದಳು. "ಬಾನುಬಿ ಮನಿಗಿ ಕರಕೊಂಡ ನಡಿ ವಿಜಯಾ. ಕೇಳೇ ಬರಬೇಕು."

"ಏನ ಕೇಳತೀರಿ?"

"ಎಮ್ಮಿ ಹಾಲಿನ ಚಾ, ಬೆಲ್ಲಾ ಹಾಕಿದ್ದು. ಗಿಡಕ್ಕ ಯಾಕ ಹಾಕಿದಿ ಅಂತ ಕೇಳತೇನಿ."

ತನ್ನ ನೀರಿನ ತಂಬಿಗೆ ಹಿಡಿದುಕೊಂಡೇ ಆಟೋ ಹತ್ತಿದಳು. ಬುಡನಸಾಬನ ಅಂಗಡಿಯ ಹಿಂದಿನ ಓಣಿಯಲ್ಲಿ ಮನೆ. ಬಾನುಬಿ ಸೊಂಟ ಬಗ್ಗಿಹೋಗಿ, ಬಾಗಿಲ ಹತ್ತಿರದ ಹೊರಸಿನ ಮೇಲೆ ಕೂತಿದ್ದಳು. ಕೆಂಚವ್ವನನ್ನು ಕಂಡು ಏಳಲು ಹೋಗಿ ಏಳಲಾಗದೆ ಕೈಚಾಚಿದಳು.

"ಬರ್ರಿ ಅಕ್ಕಾರ! ನಮ್ಮ ಮನಿಗಿ! ಕುಂದರ್ರಿ. ಫರೀನ್, ಕುರ್ಚಿ ಹಾಕ."

ಕೆಂಚವ್ವ ಕೂತಳು. ಕೂತವಳೇ ಕೇಳಿದಳು. "ಬಾನುಬಿ, ನನ್ನ ಚಾ ಗಿಡಕ್ಕ ಹಾಕತಿದ್ದೆಂತ?"

ಬಾನುಬಿ ಮೊಮ್ಮಗಳ ಕಡೆ ಒಮ್ಮೆ ಉರಿಗಣ್ಣು ಬಿಟ್ಟಳು. ಆಮೇಲೆ ನೆಟ್ಟಗೆ ಹೇಳಿದಳು. "ಹೌದರಿ ಅಕ್ಕಾರ. ಹಾಕತಿದ್ದೆ."

"ಮತ್ತ ಛಲೋ ಆಗೇತಿ ಅಂತಿದ್ದೆಲ್ಲ?"

"ವಾಸನಿ ಛಲೋ ಇರತಿತ್ರಿ."

ಅಷ್ಟರಲ್ಲಿ ಬಾನುಬಿಯ ಕಣ್ಸನ್ನೆಗೆ ಫರೀನ್ ಅಂಗಡಿಗೆ ಓಡಿಹೋಗಿ ಬಂದಿದ್ದಳು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಮನೆಯವರಿಗೆ ಪಿಂಗಾಣಿ ಕಪ್ಪುಗಳಲ್ಲಿ, ಕೆಂಚವ್ವನಿಗೂ ವಿಜಯಾಳಿಗೂ ಹೊಸ ಕಾಗದದ ಕಪ್ಪುಗಳಲ್ಲಿ.

"ನಮ್ಮ ಕಪ್ಪು ನಿಮಗ ನಡಿಯೂದಿಲ್ಲ ಅಂತ ಈಗ ತರಿಸೇನ್ರಿ. ಯಾರೂ ಮುಟ್ಟಿಲ್ಲ" ಎಂದಳು ಬಾನುಬಿ. ಅವಳ ದನಿಯಲ್ಲಿ ಮರ್ಯಾದೆಯಿತ್ತು, ಅದರ ಅಡಿಯಲ್ಲಿ ಬೇರೇನಿತ್ತೋ ವಿಜಯಾಳಿಗೆ ತಿಳಿಯಲಿಲ್ಲ.

ಕೆಂಚವ್ವ ಕಪ್ಪನ್ನು ಕೈಗೆ ತೆಗೆದುಕೊಂಡಳು. ಒಳಗೆ ಹಣಿಕಿ ನೋಡಿದಳು. ಒಳಮೈ ಮಿರಿಮಿರಿ ಮಿಂಚುತ್ತಿತ್ತು. ಅವಳ ತುಟಿಗಳು ಬಿಗಿಯಾದವು. ಕಪ್ಪನ್ನು ನೋಡಿದಳು, ತನ್ನ ತಂಬಿಗೆಯನ್ನು ನೋಡಿದಳು, ಬಾನುಬಿಯ ಕೈಯಲ್ಲಿದ್ದ ನೀಲಿ ಹೂವಿನ ಪಿಂಗಾಣಿ ಕಪ್ಪನ್ನು ನೋಡಿದಳು. ಅತ್ತೆ ಈಗ ಎದ್ದು ಹೊರಡುತ್ತಾಳೆ ಎಂದುಕೊಂಡು ವಿಜಯಾ ಚಪ್ಪಲಿ ಎಲ್ಲಿದೆ ಎಂದು ಹುಡುಕಿದಳು.

"ಇದು ಬ್ಯಾಡ" ಎಂದಳು ಕೆಂಚವ್ವ. "ಇದರಾಗ ಪ್ಲಾಸ್ಟಿಕ್ ಇರತೈತಿ. ಆರೋಗ್ಯಕ್ಕ ಕೆಟ್ಟ, ನೆಲಕ್ಕೂ ಕೆಟ್ಟ. ರಾಮದುರ್ಗದಾಗ ಸಾವಿರ ಮಂದಿ ಮುಂದ ಶಾಲು ಹೊಚ್ಚಿಸ್ಕೊಂಡ ಬಂದೇನಿ, ಈಗ ಇದರಾಗ ಹೆಂಗ ಕುಡೀಲಿ?" ಸ್ವಲ್ಪ ತಡೆದು ನೆಲ ನೋಡುತ್ತ ಹೇಳಿದಳು: "ನೀವು ಕುಡಿಯೂ ಕಪ್ಪಿನ್ಯಾಗ ಹಾಕಿ ಕೊಡು."

ಫರೀನ್ ಬಾಗಿಲಿಗೆ ಆತು ನಿಂತುಬಿಟ್ಟಳು. ಬಾನುಬಿಯೇ ಹೇಳಬೇಕಾಯಿತು. "ಹೋಗು, ತೊಳದ ತಗೊಂಡ ಬಾ."

ನೀಲಿ ಹೂವಿನ ಇನ್ನೊಂದು ಕಪ್ಪು ಬಂತು. ಕೆಂಚವ್ವ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಕುಡಿಯಲಿಲ್ಲ. ಚಹಾದ ಮೇಲೆ ಕೆನೆ ಕಟ್ಟತೊಡಗಿತು.

"ಗಿಡಕ್ಕ ಹಾಕೂದಿದ್ರ ಹೊರಗ ಮಲ್ಲಿಗಿ ಐತಿ ನೋಡ್ರಿ ಅಕ್ಕಾರ" ಎಂದಳು ಬಾನುಬಿ.

ಕೆಂಚವ್ವ ತಲೆಯೆತ್ತಿ ಅವಳನ್ನೇ ದಿಟ್ಟಿಸಿದಳು. "ನಿನ್ನಂಗ ಕಳ್ಳಿ ಅಲ್ಲ ನಾ" ಎಂದು, ಕಣ್ಣು ಮುಚ್ಚಿ, ಕಷಾಯ ಕುಡಿಯುವವರಂತೆ ಒಂದೇ ಉಸಿರಿಗೆ ಗಟಗಟ ಕುಡಿದುಬಿಟ್ಟಳು. ಬಾನುಬಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆಮೇಲೆ ಮುದುಕಿಯರಿಬ್ಬರೂ ಮೊಣಕಾಲು ನೋವಿನ ಎಣ್ಣೆಯ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ, ಆಟೋದವನು ಎರಡು ಸಲ ಬಂದು ಬಾಗಿಲಲ್ಲಿ ಇಣುಕಿ ಹೋದ.

ಮನೆಗೆ ಬಂದ ಕೂಡಲೇ ಕೆಂಚವ್ವ ಬಿಸಿನೀರು ಕೇಳಿದಳು. ತಲೆಯ ಮೇಲೆ ಸ್ನಾನ ಮಾಡಬೇಕಂತೆ. ವಿಜಯಾ ಏನೂ ಕೇಳದೆ ನೀರು ಕಾಯಿಸಿ ಬಚ್ಚಲಿಗೆ ಇಟ್ಟಳು.

"ಈ ಹೊತ್ತಿನ್ಯಾಗ ಯಾಕ ಜಳಕ?" ಎಂದಳು ಮಧು. "ಬೆಳಿಗ್ಗೆ ಮಾಡ್ಯಾಳಲ್ಲ. ಎಷ್ಟ ನೀರು ಖರ್ಚು!"

"ಬಿಸಲಾಗ ಹೋಗಿ ಬಂದಾರ. ಸುಮ್ಮನಿರು" ಎಂದಳು ವಿಜಯಾ.

ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕೆಂಚವ್ವ ಮತ್ತೊಮ್ಮೆ ಲಿಂಗಪೂಜೆಗೆ ಕೂತಳು. ಎದ್ದು ಬಂದು ಮಂಚದ ಮೇಲೆ ಒರಗಿಕೊಂಡಳು. ವಿಜಯಾ ಎದುರಿಗೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ಶುಂಠಿ ಜಾಸ್ತಿ ಹಾಕಸಿದ್ಲು ನೋಡು ಬಾನುಬಿ" ಎಂದಳು ಕೆಂಚವ್ವ. "ಗಂಟಲಕ್ಕ ಛಲೋ ಆತು. ಮುಂದಿನ ರವಿವಾರ ನಿನಗ ಸಾಲಿ ಇಲ್ಲಲ್ಲ?"